ಅಮ್ಮನ ಕಿಟಕಿ

ತೀರ್ಥಹಳ್ಳಿಯ ಹತ್ತಿರದ ನಮ್ಮ ಹಳೆಯ ಮನೆಯ ಕಿಟಕಿಗಳೆಲ್ಲ ಹಲಸಿನ ಮರದವು. ಅಜ್ಜ ಹಿತ್ತಲಿನ ಮರ ಕಡಿಸಿ ಮಾಡಿಸಿದ್ದು. ಮಳೆಗಾಲ ಹಿಡಿಯಿತೆಂದರೆ ಮರ ತೇವ ಹೀರಿ ಅಗಲಕ್ಕೆ ಉಬ್ಬುತ್ತದೆ. ಪಡಿಗಳು ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಬೇಸಿಗೆಗೆ ಮತ್ತೆ ಸಡಿಲ.

ಈ ವರ್ಷ ಎರಡು ಚೌಕಟ್ಟುಗಳ ಕೆಳಭಾಗ ಕುಂಬಾಗಿತ್ತು. ಶಿವಮೊಗ್ಗದ ಅಂಗಡಿಯವರು ಯುಪಿವಿಸಿ ತೋರಿಸಿದರು: ಉಬ್ಬುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ, ಬಣ್ಣ ಬಳಿಯಬೇಕಿಲ್ಲ. ಊರಿನ ಆಚಾರಿ ಉಳಿಯಿಂದ ಚುಚ್ಚಿ ನೋಡಿದರು. "ಹೋಗಿರೋದು ಕೆಳಗಿನ ಒಂದು ಗೇಣು ಮಾತ್ರ. ಅಷ್ಟು ಕೊಯ್ದು ಹೊಸ ತುಂಡು ಕೂರಿಸಿದರಾಯ್ತು. ಪ್ಲಾಸ್ಟಿಕ್ಕಿನ ಮೂಲೆಗಳನ್ನು ಕಾಯಿಸಿ ಅಂಟಿಸಿರ್ತಾರೆ. ಅದು ಬಿರಿದರೆ ನನ್ನ ಕೈಲಾಗಲ್ಲ."

ನನಗೆ ಅಷ್ಟೇ ಸಾಕಾಯಿತು. ಅಜ್ಜನ ನೆನಪು, ಮರದ ಘನತೆ ಎಂದೆಲ್ಲ ಮಾತಾಡಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ನೀನು ಬೆಂಗಳೂರಲ್ಲಿ ಮಲಗಿರ್ತೀಯ. ಮಧ್ಯರಾತ್ರಿ ಎರಚಲು ಹೊಡೆದಾಗ ಆ ಪಡಿ ದೂಡೋದು ನಾನು."

ನನಗೆ ಉತ್ತರ ಹೊಳೆಯಲಿಲ್ಲ. ನಾನು ಉಳಿಸಹೊರಟಿದ್ದ ನೆನಪಿನ ಭಾರವನ್ನು ಅವಳ ಎಪ್ಪತ್ತು ದಾಟಿದ ಕೈಗಳು ಹೊರಬೇಕಿತ್ತು.

ಕೊನೆಗೆ, ಮಳೆ ನೇರವಾಗಿ ಬಡಿಯುವ ಪಶ್ಚಿಮದ ಗೋಡೆಗೆ, ಅಂದರೆ ಅಮ್ಮ ಮಲಗುವ ಕೋಣೆಗೆ, ಪ್ಲಾಸ್ಟಿಕ್ಕು ಬಂತು. ಉದ್ದ ಸೂರಿನ ಮರೆಯಲ್ಲಿರುವ ಜಗಲಿಯ ಕಿಟಕಿಗೆ ಆಚಾರಿ ಒಂದು ಗೇಣು ಹೊಸ ಮರ ಕೂರಿಸಿದರು. ಕೋಣೆಯಿಂದ ಕಿತ್ತ ಪಡಿಗಳು ಅಟ್ಟ ಸೇರಿದವು.

ಆಷಾಢದಲ್ಲಿ ಫೋನ್ ಮಾಡಿದಾಗ ಅಮ್ಮ ಹೇಳಿದಳು: "ಕೋಣೆಯದ್ದು ಒಂದೇ ಕೈಯಲ್ಲಿ ಹಾಕ್ತೀನಿ. ಜಗಲಿಯದ್ದು ಕಚ್ಚಿಕೊಂಡು ಕೂತಿದೆ. ಅದು ನಿಂದು, ಬಂದಾಗ ನೀನೇ ಹಾಕು."