ಖಾತೆ ಬದಲಾವಣೆ

2024ರ ಸೆಪ್ಟೆಂಬರಿನ ಒಂದು ರಾತ್ರಿ. ಹಾಸ್ಟೆಲಿನ ಕೋಣೆಯಲ್ಲಿ ಕೂತು, ಹಳೆಯ ವ್ಯಾಪಾರಿ ಮನೆತನವೊಂದರ ಲೆಕ್ಕದ ಪುಸ್ತಕದ ಫೋಟೊಗಳನ್ನು ಹಿಗ್ಗಿಸಿ ಹಿಗ್ಗಿಸಿ ಓದುತ್ತಿದ್ದೆ. ಫೋನಿನ ತಲೆಯ ಮೇಲೆ ಒಂದು ಸಂದೇಶ ಇಳಿಯಿತು. ನಿಮ್ಮ ಪಾವತಿ ಆಗಿಲ್ಲ, ಪಾವತಿಯ ವಿವರಗಳನ್ನು ಸರಿಪಡಿಸಿ ಎಂದಿತ್ತು.

ಇಂಥ ಸಂದೇಶ ಬಂದರೆ ಮೊದಲು ಹುಟ್ಟುವುದು ಅನುಮಾನವೇ. ಲಿಂಕ್ ಒತ್ತಿ ದುಡ್ಡು ಕಳೆದುಕೊಂಡವರು ನಮ್ಮ ವಿಭಾಗದಲ್ಲೇ ಇಬ್ಬರಿದ್ದಾರೆ. 1930 ಎಂಬ ಸೈಬರ್ ವಂಚನೆಯ ಸಹಾಯವಾಣಿ ನಮಗೆಲ್ಲ ಬಾಯಿಪಾಠವಾಗಿದೆ. ಹಾಗಾಗಿ ಸಂದೇಶವನ್ನು ಮುಟ್ಟದೆ, ಫೋನಿನ ಸೆಟ್ಟಿಂಗ್ಸ್‌ಗೆ ನಾನೇ ಹೋಗಿ ಖಾತೆಯನ್ನು ತೆರೆದೆ. ಸುಳ್ಳಲ್ಲ. ಅಲ್ಲೂ ಕೆಂಪು ಅಕ್ಷರದಲ್ಲಿ ಅದೇ ಇತ್ತು: ಕಾರ್ಡ್ ನಿರಾಕರಿಸಲಾಗಿದೆ. ಕೆಳಗೆ ಕಾರ್ಡಿನ ಕೊನೆಯ ನಾಲ್ಕು ಅಂಕಿ. ಅದರ ಕೆಳಗೆ ಹೆಸರು. ಆ ಹೆಸರು ನನ್ನದಲ್ಲ, ಅಣ್ಣನದು.

ನಾನು ಓದುತ್ತಿರುವುದು ಲೆಕ್ಕಗಳನ್ನೇ. ಕಾಗದ ಅಗ್ಗವಾಗುವ ಮೊದಲು ನಮ್ಮಲ್ಲಿ ಲೆಕ್ಕ ಬರೆಯುತ್ತಿದ್ದುದು ಕಡತಗಳಲ್ಲಿ. ಹತ್ತಿಯ ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿದರೆ ಅದು ಕರಿಹಲಗೆಯ ಹಾಗಾಗುತ್ತದೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿದ್ದ ಆ ವಸ್ತು ಬಳಕೆಯಿಂದ ಹೋಯಿತು, ಹೆಸರು ಮಾತ್ರ ಸರ್ಕಾರಿ ಕಚೇರಿಯ ಫೈಲಿಗೆ ಅಂಟಿಕೊಂಡು ಉಳಿಯಿತು. ನನ್ನ ಪ್ರಬಂಧ ಅಲ್ಲಿಂದ ಶುರುವಾಗಿ ಅಂಗಡಿಗಳ ಕಿರ್ದಿ, ಖತಾವಣಿ, ಉದ್ರಿ ಪುಸ್ತಕಗಳವರೆಗೆ ಬರುತ್ತದೆ. ಮೂರು ವರ್ಷ ಊರೂರು ಸುತ್ತಿ ತೆಗೆದ ಸುಮಾರು ಐದು ಸಾವಿರ ಫೋಟೊ, ಹಿರಿಯ ವ್ಯಾಪಾರಿಗಳ ಜೊತೆಗಿನ ಮಾತಿನ ಧ್ವನಿಮುದ್ರಣ, ವಿಡಿಯೊ ಎಲ್ಲ ಈ ಫೋನಿನ ಖಾತೆಯಲ್ಲಿವೆ. ಪುಕ್ಕಟೆ ಸಿಗುವ 15 ಜಿಬಿ ಎಂದೋ ತುಂಬಿ ಹೋಗಿತ್ತು. ಹೆಚ್ಚಿನ ಜಾಗಕ್ಕೆ ತಿಂಗಳಿಗೆ 130 ರೂಪಾಯಿ. ಅದನ್ನು ಕಟ್ಟದಿದ್ದರೆ ಹೊಸ ಫೋಟೊ ಒಳಗೆ ಹೋಗುವುದಿಲ್ಲ, ಆಮೇಲಾಮೇಲೆ ಮೇಲ್ ಬರುವುದೂ ನಿಲ್ಲುತ್ತದೆ.

ಆ 130 ರೂಪಾಯಿಯನ್ನು ಅಣ್ಣ ಕಟ್ಟುತ್ತಿದ್ದ. ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ನೆನಪಿರಲಿಲ್ಲ. ನೆನಪಿಡುವ ಅಗತ್ಯ ಬೀಳದ ಹಾಗೆ ಆ ವ್ಯವಸ್ಥೆಯೇ ಇತ್ತು.

ನಮ್ಮದು ಹಾವೇರಿ ಜಿಲ್ಲೆಯ ಒಂದು ಊರು. ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಕಿರಾಣಿ ಅಂಗಡಿ. 2011ರಲ್ಲಿ ಅಪ್ಪನಿಗೆ ಲಕ್ವಾ ಹೊಡೆದಾಗ ಅಣ್ಣ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ. ಎರಡು ವಾರ ಅಂಗಡಿ ನೋಡಿಕೊಳ್ಳಲು ಬಂದವನು ಪರೀಕ್ಷೆಗೆ ಹೋಗಲೇ ಇಲ್ಲ. ನಾನಾಗ ಒಂಬತ್ತನೆಯ ತರಗತಿ. ಏಳು ವರ್ಷದ ನಂತರ ನಾನು ಎಂ.ಎ.ಗೆ ಹೊರಟಾಗ ಈ ಖಾತೆಯನ್ನು ತೆರೆದದ್ದು ಅವನೇ, ಅಂಗಡಿಯ ತಕ್ಕಡಿಯ ಪಕ್ಕದಲ್ಲಿ ಕೂತು, ಹೊಸ ಫೋನಿನ ಡಬ್ಬಿ ಬಿಚ್ಚಿ. ಮರುವರ್ಷ ಜಾಗ ಸಾಲುತ್ತಿಲ್ಲ ಎಂದಾಗ ತನ್ನ ಡೆಬಿಟ್ ಕಾರ್ಡಿನ ಅಂಕಿಗಳನ್ನು ಓದಿ ಹೇಳಿದ. ನನ್ನ ಬಳಿ ಆಗ ಕಾರ್ಡೇ ಇರಲಿಲ್ಲ.

ಆಮೇಲೆ ಎರಡು ಸಲ ಈ ವಿಷಯ ನಮ್ಮ ನಡುವೆ ಬಂದಿತ್ತು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಯಾಗಿ, ತಿಂಗಳು ತಿಂಗಳು ಕಾರ್ಡಿನಿಂದ ತಾನಾಗಿ ಹೋಗುತ್ತಿದ್ದ ಪಾವತಿಗಳು ದೇಶದ ತುಂಬ ನಿಂತವು. ಒಂದು ಸಲ ಒಟಿಪಿ ಕೊಟ್ಟು ಹೊಸದಾಗಿ ಒಪ್ಪಿಗೆ ಬರೆದುಕೊಡಬೇಕಾಯಿತು. ಮರುವರ್ಷ ಅದೇ ಅಕ್ಟೋಬರ್ 1ಕ್ಕೆ ಇನ್ನೊಂದು ನಿಯಮ. ಕಾರ್ಡಿನ ಸಂಖ್ಯೆಯನ್ನು ವ್ಯಾಪಾರಿಗಳು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ, ಅದರ ಬದಲು ಒಂದು ಗುರುತು ಸಂಖ್ಯೆಯನ್ನಷ್ಟೇ ಇಟ್ಟುಕೊಳ್ಳಬೇಕು ಎಂದು. ಎರಡೂ ಸಲ ಅಣ್ಣ ಗಿರಾಕಿಗಳ ಗದ್ದಲದ ನಡುವೆಯೇ ಒಟಿಪಿ ಓದಿ ಹೇಳಿದ್ದ. ಎರಡನೆಯ ಸಲದ ಹೊತ್ತಿಗೆ ನನಗೆ ಫೆಲೋಶಿಪ್ ಬರಲು ಶುರುವಾಗಿತ್ತು. ಆಗಲಾದರೂ ನನ್ನ ಕಾರ್ಡ್ ಹಾಕಬಹುದಿತ್ತು, ಹಾಕಲಿಲ್ಲ. ಆ ಹೊತ್ತಿನಲ್ಲಿ ಅದು ಹೊಳೆಯಲೇ ಇಲ್ಲ.

ಆ ರಾತ್ರಿ ಅಣ್ಣನಿಗೆ ಫೋನು ಮಾಡಿದೆ.

“ಅಣ್ಣಾ, ನಿನ್ನ ಕಾರ್ಡಿನ ಅವಧಿ ಮುಗದೈತೇನು? ಪೇಮೆಂಟ್ ಹೋಗಿಲ್ಲ.”

“ಏ, ಬ್ಯಾಂಕಿನ್ಯಾಗ ಸರ್ವರ್ ತ್ರಾಸ ಇರಬೇಕು ತಗೊ. ಒಂದೆರಡು ದಿನ ಬಿಟ್ಟು ತಾನ ಹೋಗ್ತೈತಿ. ನೀ ಊಟಾ ಮಾಡಿದಿ?”

ಎರಡು ದಿನ ಕಾದೆ. ಹೋಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ವೈನಿ ಫೋನು ಮಾಡಿದರು. ಅದೂ ಇದೂ ಮಾತಾಡಿ ಕೊನೆಗೆ ದನಿ ತಗ್ಗಿಸಿದರು.

“ನಾ ಹೇಳೀನಿ ಅಂತ ನಿಮ್ಮಣ್ಣಾರ ಮುಂದ ಅನಬ್ಯಾಡವಾ. ಸರ್ವರ್ ಏನೂ ಕೆಟ್ಟಿಲ್ಲ. ಗಾಡಿ ಕಂತು ಹೋದಮ್ಯಾಲೆ ಖಾತೆದಾಗ 90 ರೂಪಾಯಿ ಉಳದಿತ್ತು.”

ನನ್ನ ಖಾತೆಯಲ್ಲಿ ಆ ದಿನ ಎಷ್ಟಿತ್ತು ಎಂದು ಇಲ್ಲಿ ಬರೆಯಲಾರೆ. ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಪಡೆಯುವವಳು ನಾನು. ಅಂಗಡಿ ಸೊರಗುತ್ತಿರುವುದು ನನಗೆ ಗೊತ್ತಿತ್ತು. ತಾಲೂಕು ಕೇಂದ್ರದಲ್ಲಿ ದೊಡ್ಡ ಮಾರ್ಟ್ ಆಗಿದೆ. ಕೈಯಲ್ಲಿ ದುಡ್ಡಿದ್ದಾಗ ಜನ ಅಲ್ಲಿಗೆ ಹೋಗಿ ಸ್ಕ್ಯಾನ್ ಮಾಡಿ ತರುತ್ತಾರೆ, ಇಲ್ಲದಾಗ ನಮ್ಮಲ್ಲಿಗೆ ಬರುತ್ತಾರೆ. ನಗದು ಅಲ್ಲಿ, ಉದ್ರಿ ಇಲ್ಲಿ. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ನಮ್ಮ ಅಂಗಡಿಯಲ್ಲೂ ಇದೆ, ಅದರ ಕೆಳಗೇ ಉದ್ರಿ ಪುಸ್ತಕವೂ ತೂಗುತ್ತದೆ. ಈ ಸಂಗತಿಯನ್ನು ಒಂದು ವಿಚಾರಸಂಕಿರಣದಲ್ಲಿ ನಾನು ಪ್ರಬಂಧವಾಗಿಯೇ ಓದಿದ್ದೆ. ಚಪ್ಪಾಳೆ ಬಿದ್ದಿತ್ತು. 90 ರೂಪಾಯಿ ಮಾತ್ರ ನನ್ನ ಪ್ರಬಂಧದಲ್ಲಿರಲಿಲ್ಲ.

ಅಂದು ರಾತ್ರಿ ಪಾವತಿಯ ವಿವರ ಬದಲಿಸಲು ಕೂತೆ. ಕೆಲಸ ಹತ್ತು ನಿಮಿಷದ್ದು. ಮೊದಲು ಅಣ್ಣನ ಕಾರ್ಡನ್ನು ತೆಗೆಯಲು ಹೋದೆ, ಆಗಲಿಲ್ಲ. ಚಾಲ್ತಿಯಲ್ಲಿರುವ ಚಂದಾ ಒಂದು ಅದಕ್ಕೆ ಕಟ್ಟಿಕೊಂಡಿದೆ, ಮೊದಲು ಬೇರೊಂದನ್ನು ಸೇರಿಸಿ ಎಂದಿತು. ಸರಿ, ಯುಪಿಐ ಸೇರಿಸಿದೆ. ಯಾರಿಗೆ, ತಿಂಗಳಿಗೆ ಹೆಚ್ಚೆಂದರೆ ಎಷ್ಟು, ಯಾವ ದಿನಾಂಕದವರೆಗೆ ಎಂದು ಒಂದು ಪುಟ್ಟ ಕರಾರುಪತ್ರದ ಹಾಗೆ ಪರದೆಯ ಮೇಲೆ ಬಂತು. ಪಿನ್ ಒತ್ತಿದೆ. ಬಾಕಿ ಇದ್ದ 130 ರೂಪಾಯಿ ಹೋಯಿತು. ಈಗ ಅಣ್ಣನ ಕಾರ್ಡಿನ ಎದುರು ‘ತೆಗೆದುಹಾಕಿ’ ಎಂಬುದು ಕಾಣಿಸಿಕೊಂಡಿತು.

ಒತ್ತುವ ಮುನ್ನ, ಲೆಕ್ಕ ಓದುವವರ ಚಟ, ಪಾವತಿಗಳ ಇತಿಹಾಸ ತೆರೆದೆ. 2024ರ ಆಗಸ್ಟ್ 12, 130. ಜುಲೈ 12, 130. ಜೂನ್ 12, 130. ಬೆರಳಿನಿಂದ ಎಳೆದಷ್ಟೂ ಕೆಳಗೆ ಇಳಿಯುತ್ತಾ ಹೋಯಿತು, 2019ರ ಮಾರ್ಚ್‌ವರೆಗೆ. ಒಟ್ಟು 66 ಸಾಲು. 8,580 ರೂಪಾಯಿ. ಕೊರೊನಾ ಕಾಲದಲ್ಲಿ ಅಂಗಡಿ ದಿನಕ್ಕೆ ಮೂರು ತಾಸು ಮಾತ್ರ ತೆರೆಯುತ್ತಿದ್ದ ತಿಂಗಳುಗಳೂ ಅದರಲ್ಲಿದ್ದವು. ಮಗಳು ಹುಟ್ಟಿ ಆಸ್ಪತ್ರೆಗೆ ಸಾಲ ಮಾಡಿದ ತಿಂಗಳೂ ಇತ್ತು. ಒಂದೂ ತಪ್ಪಿರಲಿಲ್ಲ.

ಆಗ ಹೊಳೆದ ಇನ್ನೊಂದು ಸಂಗತಿ: ಆ ಹೊಸ ನಿಯಮದ ಪ್ರಕಾರ, ಹೀಗೆ ತಾನಾಗಿ ಹೋಗುವ ಹಣಕ್ಕೆ ಕನಿಷ್ಠ 24 ತಾಸು ಮೊದಲು ಬ್ಯಾಂಕು ಕಾರ್ಡಿನವನಿಗೆ ತಿಳಿಸಬೇಕು. ಅಂದರೆ ಮೂರು ವರ್ಷದಿಂದ ಪ್ರತಿ ತಿಂಗಳೂ ಅವನ ಫೋನಿಗೆ ಒಂದು ಸಂದೇಶ ಹೋಗಿದೆ. ಅವನಿಗೆ ಪ್ರತಿ ಸಲವೂ ಗೊತ್ತಿತ್ತು. ನನಗೆ ಒಂದು ಸಲವೂ ಗೊತ್ತಾಗಲಿಲ್ಲ.

ನಮ್ಮ ಅಂಗಡಿಯ ಪುಸ್ತಕದಲ್ಲಿ ಇಡೀ ಊರಿನ ಹೆಸರಿದೆ, ನಮ್ಮ ಮನೆಯ ಹೆಸರಿಲ್ಲ. ಸಂಜೆ ಬಾಗಿಲು ಹಾಕುವಾಗ ಅಪ್ಪ ಬೇಳೆ, ಬೆಲ್ಲ, ಎಣ್ಣೆ ಕಟ್ಟಿಕೊಂಡು ಬರುತ್ತಿದ್ದ. ಇದನ್ನು ಎಲ್ಲಿ ಬರೆಯುತ್ತಿ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. “ಮನಿಗೆ ಒಯ್ದದ್ದು ಬರೆಯಂಗಿಲ್ಲ” ಎಂದಿದ್ದ. ನಾನು ನೋಡಿದ ಹಳೆಯ ಲೆಕ್ಕಗಳಲ್ಲೂ ಬಹುಮಟ್ಟಿಗೆ ಹಾಗೆಯೇ. ದೇವರ ಹೆಸರಿನಲ್ಲಿ ಒಂದು ಬಾಬ್ತು ಇರುತ್ತದೆ, ಎತ್ತಿನ ಹಿಂಡಿಗೆ ಒಂದು ಬಾಬ್ತು ಇರುತ್ತದೆ. ಹೆಂಡತಿಯ ಹೆಸರಿನಲ್ಲಾಗಲಿ, ಓದುವ ತಂಗಿಯ ಹೆಸರಿನಲ್ಲಾಗಲಿ ಇರುವುದು ಅಪರೂಪ. ಬರೆದರೆ ಅದು ಸಾಲವಾಗುತ್ತದೆ, ಸಾಲವಾದರೆ ತೀರಿಸಬಹುದು, ತೀರಿದರೆ ಪುಟದ ಮೇಲೆ ಅಡ್ಡಗೆರೆ ಎಳೆದು ‘ಚುಕ್ತಾ’ ಎಂದು ಬರೆದುಬಿಡಬಹುದು. ಬರೆಯದೆ ಉಳಿದದ್ದು ಏನಾಗುತ್ತದೆ? ನನ್ನಂಥವರ ವಿಷಯದಲ್ಲಿ ಅದು ಮರೆತುಹೋಗುತ್ತದೆ. ಅಣ್ಣ ನನಗಾಗಿ ಕೊಟ್ಟದ್ದರಲ್ಲಿ ಲಿಖಿತವಾಗಿ ಉಳಿದದ್ದು ಈ 66 ಸಾಲು ಮಾತ್ರ, ಅದೂ ನಮ್ಮಿಬ್ಬರನ್ನೂ ಅರಿಯದ ಯಂತ್ರವೊಂದು ತನ್ನ ಲೆಕ್ಕಕ್ಕೆಂದು ಬರೆದಿಟ್ಟದ್ದು. ಬಿಟ್ಟ ಪರೀಕ್ಷೆ ಅದರಲ್ಲಿಲ್ಲ.

ಕಾರ್ಡನ್ನು ತೆಗೆದೆ. ಅಣ್ಣನಿಗೆ ಹೇಳಲಿಲ್ಲ. ಹೇಳಿದರೆ ವೈನಿಯ ಮಾತು ಹೊರಬೀಳುತ್ತಿತ್ತು ಎಂಬುದು ಒಂದು ಕಾರಣ. ಇನ್ನೊಂದು, ಏನೆಂದು ಹೇಳಬೇಕೋ ತಿಳಿಯಲಿಲ್ಲ.

ಅಕ್ಟೋಬರ್ 12ರ ಸಂಜೆ ಅವನೇ ಫೋನು ಮಾಡಿದ.

“ಯವ್ವಾ, ಈ ತಿಂಗಳ ಮೆಸೇಜ್ ಬರಲಿಲ್ಲಲ್ಲ? ನಾ ರೊಕ್ಕ ಹಾಕಿ ಇಟ್ಟೀನಿ.”

“ನಂದ ಯುಪಿಐ ಹಾಕೀನಿ ಅಣ್ಣಾ. ನಿನ್ನ ಕಾರ್ಡ್ ತಗದೀನಿ.”

ಸ್ವಲ್ಪ ಹೊತ್ತು ಆ ಕಡೆಯಿಂದ ತಕ್ಕಡಿಯ ಸಪ್ಪಳ ಮಾತ್ರ ಕೇಳುತ್ತಿತ್ತು.

“ಯಾಕ? ಚುಕ್ತಾ ಮಾಡಾಕ ಹೊಂಟಿಯೇನು?”

ನಗುತ್ತಲೇ ಕೇಳಿದ. ಆದರೆ ಅವನ ನಗು ನನಗೆ ಗೊತ್ತು. ನಾನು ಏನೇನೋ ಹೇಳಿದೆ. ನಿಯಮ ಬದಲಾಗಿದೆ, ಯಾರು ಬಳಸುತ್ತಾರೋ ಅವರ ಹೆಸರಿನಲ್ಲೇ ಇರಬೇಕು ಎಂದು ಇಲ್ಲದ ನಿಯಮವೊಂದನ್ನು ಹುಟ್ಟಿಸಿದೆ. ಅವನು ಸರ್ವರ್ ಕೆಟ್ಟಿದೆ ಎಂದದ್ದಕ್ಕೆ ಇದು ಸರಿಹೋಯಿತು ಅಂದುಕೊಳ್ಳಬಹುದು. “ಹೌದೇನು? ಇರಲಿ ತಗೊ” ಎಂದು ಇಟ್ಟ. ಬಳಿಕ ಯೋಚಿಸಿದೆ. ಆ ತಿಂಗಳು 130 ರೂಪಾಯಿ ಒಟ್ಟುಮಾಡಿ, ಖಾತೆಗೆ ಹಾಕಿ, ಸಂದೇಶಕ್ಕಾಗಿ ಕಾದಿದ್ದ. ಅವನ ಹೊರೆ ಇಳಿಸಿದೆ ಎಂದುಕೊಂಡಿದ್ದೆ. ಅವನಿಗೆ ಅದು ಹೊರೆಯೋ, ಅಥವಾ ತಾನು ಮುಗಿಸದ ಓದಿನಲ್ಲಿ ಉಳಿದಿದ್ದ ಒಂದೇ ಒಂದು ಪಾಲೋ, ಕೇಳುವ ಧೈರ್ಯ ನನಗಾಗಲಿಲ್ಲ.

ದೀಪಾವಳಿಗೆ ಊರಿಗೆ ಹೋದೆ. ಪಾಡ್ಯದ ದಿನ ಅಂಗಡಿಯಲ್ಲಿ ಪೂಜೆ, ಹೊಸ ಪುಸ್ತಕದ ಮೊದಲ ಪುಟಕ್ಕೆ ಅರಿಶಿನ ಕುಂಕುಮ ಹಚ್ಚಿ ಅಣ್ಣ ‘ಶ್ರೀ’ ಬರೆದ. ದುಡ್ಡು ಕೊಡಲು ಹೋದರೆ ಅವನು ತೆಗೆದುಕೊಳ್ಳುವುದಿಲ್ಲ ಎಂದು ಗೊತ್ತಿತ್ತು. ವೈನಿಯ ಕೈಗೆ ಅಂಗಡಿಯ ಮಾಲಿಗೆಂದು ಒಂದಿಷ್ಟು ಕೊಟ್ಟೆ, ಅವರು ಮರುಮಾತಿಲ್ಲದೆ ತೆಗೆದುಕೊಂಡರು. ಮಧ್ಯಾಹ್ನ ಅಣ್ಣ ತನ್ನ ಫೋನು ತಂದು, “ಏನೋ ತುಂಬೈತಿ ಅಂತೈತಿ ನೋಡು” ಎಂದ. ಮಗಳ ಫೋಟೊ, ವಿಡಿಯೊಗಳಿಂದ ಅವನ ಜಾಗವೂ ಮುಗಿದಿತ್ತು. ನನ್ನ ಖಾತೆಯ ಜಾಗವನ್ನು ಮನೆಯವರ ಜೊತೆ ಹಂಚಿಕೊಳ್ಳುವ ಅವಕಾಶವಿದೆ. ಅವನನ್ನು ಸೇರಿಸಿದೆ.

“ಇದಕ್ಕ ರೊಕ್ಕ?”

“ಬ್ಯಾರೆ ಇಲ್ಲ. ಅದರಾಗ ಬರ್ತೈತಿ.”

ಇದು ನಿಜವೇ ಆಗಿತ್ತು. ಅವನು ತಲೆಯಾಡಿಸಿ ಗಿರಾಕಿಯ ಕಡೆ ತಿರುಗಿದ.

ನಮ್ಮ ಕಡೆ ಖಾತೆ ಬದಲಾವಣೆ ಎಂದರೆ ಹೊಲ ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋಗುವುದು. ಸಾವಾದ ಮೇಲೆ, ಮಾರಾಟವಾದ ಮೇಲೆ, ಪಾಲಾದ ಮೇಲೆ ಆಗುವ ಕೆಲಸ. ನನ್ನ ಫೋನಿನಲ್ಲಿ ಈಗ ಪಾವತಿಯ ಹೆಸರು ನನ್ನದು. ಬಿಲ್ಲಿನ ವಿಳಾಸವನ್ನೂ ಬದಲಿಸಿ ಎಂದು ಅದು ಕೇಳಿತ್ತು. ಹಾಸ್ಟೆಲಿನ ವಿಳಾಸ ಬರೆಯಲು ಹೊರಟು, ಕೋಣೆಯ ಸಂಖ್ಯೆಯವರೆಗೆ ಬಂದು ನಿಲ್ಲಿಸಿದೆ. ಇನ್ನೆರಡು ವರ್ಷಕ್ಕೆ ಈ ಕೋಣೆ ಬಿಡಬೇಕು. ಆಮೇಲೆ ಎಲ್ಲಿಗೋ ಗೊತ್ತಿಲ್ಲ. ಹಳೆಯ ವಿಳಾಸವನ್ನೇ ಬಿಟ್ಟೆ: ಕಿರಾಣಿ ಅಂಗಡಿ, ಬಸ್‌ಸ್ಟ್ಯಾಂಡ್ ಹತ್ತಿರ.