ಸಂಜೆಗೆ ಕಾಣುವ ಹೂವು

ಜೂನ್ 7ರ ಸುಮಾರಿಗೆ ಮೃಗಶಿರಾ ಮಳೆ ಕೂಡುತ್ತದೆ. ನಮ್ಮ ವಿಜಯಪುರದ ಕಡೆ ಅದಕ್ಕೆ ‘ಮಿರಗ’ ಅನ್ನುತ್ತೇವೆ. ಹೊಲದವರು ತೊಗರಿ, ಸಜ್ಜೆ ಬಿತ್ತುವ ಹೊತ್ತಿಗೆ ಮನೆ ಮುಂದೆ ನಾಲ್ಕು ಕುಂಡ ಇಟ್ಟುಕೊಂಡವರೂ ಹೂವಿನ ಬೀಜ ಹುಡುಕುತ್ತಾರೆ. ಅಂಗಡಿಯಲ್ಲಿ ಕೆಂಪು, ಹಳದಿ, ನೇರಳೆ ಹೂವಿನ ಚಿತ್ರವಿರುವ ಪಾಕೀಟುಗಳು ಬೇಗ ಖಾಲಿಯಾಗುತ್ತವೆ. ಬಿಳಿ ಹೂವಿನ ಬೀಜ ಕೇಳುವವರು ಕಡಿಮೆ. ನಾನು ಮಾತ್ರ ಕೆಲವು ವರ್ಷಗಳಿಂದ ಬಿಳಿಯದನ್ನೇ ಆರಿಸುತ್ತೇನೆ.

ಅದಕ್ಕೆ ಕಾರಣವಿದೆ. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪರದೆಗೆ ಪೆಟ್ಟು ಬಿದ್ದಿದೆ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ನಮ್ಮೂರ ಬಿಸಿಲಿನಲ್ಲಿ ಹಗಲು ಹೊರಗೆ ಕೂಡುವಂತಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಆದ್ದರಿಂದ ನಾವಿಬ್ಬರೂ ಕಟ್ಟೆಯ ಮೇಲೆ ಬಂದು ಕೂಡುವುದು ಹೊತ್ತು ಮುಳುಗಿದ ಮೇಲೆ. ಆಗ ಕೆಂಪು ದಾಸವಾಳ ಅವರಿಗೆ ಎಲೆಯೊಳಗೆ ಎಲೆಯಾಗಿಬಿಡುತ್ತದೆ. ಬಿಳಿ ನಿತ್ಯಪುಷ್ಪ ಮಾತ್ರ ಹತ್ತು ಹೆಜ್ಜೆ ದೂರದಿಂದಲೂ ಕಾಣುತ್ತದೆ. ಒಂದು ಸಂಜೆ, “ಇವತ್ತ ಹದಿನಾಲ್ಕು ಅರಳ್ಯಾವ ನೋಡ್ರಿ” ಎಂದು ಅವರೇ ಎಣಿಸಿ ಹೇಳಿದರು. ನಮ್ಮ ಅಂಗಳಕ್ಕೆ ಯಾವ ಬಣ್ಣ ಬೇಕು ಎಂಬುದು ಅಂದೇ ತೀರ್ಮಾನವಾಯಿತು.

“ಮುತ್ಯಾ, ಆಯಿಗೆ ಬಿಳೇದಷ್ಟ ಯಾಕ ಕಾಣತೈತಿ?” ಎಂದು ಮೊಮ್ಮಗಳು ಕೇಳಿದಳು. ಇದು ಆಯಿಯ ಕಣ್ಣಿಗಷ್ಟೇ ಸಂಬಂಧಿಸಿದ ಮಾತಲ್ಲ. ಎಲ್ಲರ ಕಣ್ಣಿನಲ್ಲೂ ಬಣ್ಣ ಗುರುತಿಸುವ ಜೀವಕೋಶಗಳು ಬೇರೆ, ಮಬ್ಬು ಬೆಳಕಿನಲ್ಲಿ ನೋಡುವ ಜೀವಕೋಶಗಳು ಬೇರೆ. ಕತ್ತಲಾಗುತ್ತಿದ್ದಂತೆ ಮೊದಲನೆಯವು ಸುಮ್ಮನಾಗಿ ಎರಡನೆಯವು ಕೆಲಸಕ್ಕಿಳಿಯುತ್ತವೆ. ಅವಕ್ಕೆ ಕೆಂಪು ಹೆಚ್ಚುಕಡಿಮೆ ಕಪ್ಪಾಗಿಯೇ ಕಾಣುತ್ತದೆ. ಬಿಳಿ ಹೂವು ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹೊರಗೆ ಚೆಲ್ಲುವುದರಿಂದ ಕೊನೆಯವರೆಗೂ ಕಾಣುತ್ತದೆ. ರಾತ್ರಿ ಹಾರುವ ಪತಂಗಗಳನ್ನು ಕರೆಯುವ ಹೂಗಳಲ್ಲಿ ಬಿಳಿಯವೇ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ.

ಮಕ್ಕಳೇ, ನೀವೊಂದು ಪರೀಕ್ಷೆ ಮಾಡಿ. ಉದುರಿದ ಬಿಳಿ ಎಸಳೊಂದನ್ನು ಬೆರಳ ನಡುವೆ ಚೆನ್ನಾಗಿ ಹಿಚುಕಿ. ಬಿಳುಪು ಮಾಯವಾಗಿ ಅದು ಎಣ್ಣೆ ಕಾಗದದಂತಾಗುತ್ತದೆ. ಎಸಳಿನೊಳಗೆ ಬಿಳಿ ಬಣ್ಣವೆಂಬುದು ಇರುವುದಿಲ್ಲ. ಸಣ್ಣ ಸಣ್ಣ ಗಾಳಿಗೂಡುಗಳಿರುತ್ತವೆ. ಸಾಬೂನಿನ ನೀರು ಬೆಳ್ಳಗಿರದಿದ್ದರೂ ನೊರೆ ಬೆಳ್ಳಗಿರುವಂತೆ, ಆ ಗಾಳಿಯೇ ಬೆಳಕನ್ನು ಚದುರಿಸಿ ಬಿಳುಪು ತೋರಿಸುತ್ತದೆ.

ಇನ್ನು ಗಿಡಗಳ ವಿಚಾರ. ಬೀಜ ಬಿತ್ತಿದ ವರ್ಷವೇ ಹೂಬಿಟ್ಟು, ಬೀಜ ಕಟ್ಟಿ, ಮುಗಿದುಹೋಗುವ ಗಿಡಕ್ಕೆ ವಾರ್ಷಿಕ ಸಸ್ಯ ಎನ್ನುತ್ತಾರೆ. ನಿತ್ಯಪುಷ್ಪ ಹೆಚ್ಚು ವರ್ಷ ಬಾಳಬಲ್ಲದು. ಆದರೆ ವರ್ಷವರ್ಷ ಹೊಸದಾಗಿ ಬಿತ್ತಿದರೆ ಹೂವು ಚೆಂದ. ಇದರ ಮೂಲ ಮಡಗಾಸ್ಕರ್ ದ್ವೀಪ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಗೆ ಇದಕ್ಕಿಂತ ಒಗ್ಗುವ ಹೂವು ಸಿಗುವುದು ಕಷ್ಟ. ಬೇಳೆ ತೊಳೆದ ನೀರು ಸಾಕು. ನಮ್ಮ ಎರಿಮಣ್ಣು ಮಾತ್ರ ನೀರು ಹಿಡಿದು ಬೇರು ಕೊಳೆಸುತ್ತದೆ. ಅದಕ್ಕೆ ಮರಳು, ಗೊಬ್ಬರ ಬೆರೆಸಬೇಕು. ಬೀಜಕ್ಕೆ ಕತ್ತಲೆ ಬೇಕು. ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ಈ ಗಿಡದಿಂದ ತೆಗೆಯುವ ವಿನ್‌ಕ್ರಿಸ್ಟಿನ್ ಎಂಬ ಔಷಧಿಯನ್ನು ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುತ್ತಾರೆ. ಹಾಗೆಂದು ಎಲೆ ಕಿತ್ತು ಬಾಯಿಗೆ ಹಾಕಬೇಡಿ, ಅದು ವಿಷ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ನಮ್ಮ ಓಣಿಯಲ್ಲಿ ಸೋತದ್ದು ಈ ಗಿಡದ ಮುಂದೆಯೇ.

ಗೌರಿ ಹೂ, ಅಂದರೆ ಕರ್ಣಕುಂಡಲ, ನೆರಳು ಬಿಸಿಲು ಎರಡೂ ಸಿಗುವ ಮೂಲೆಗೆ ಸರಿ. ಮಿರಗಕ್ಕೆ ಬಿತ್ತಿದರೆ ಎರಡು ತಿಂಗಳಲ್ಲಿ ಹೂವು. ಮಾಗಿದ ಕಾಯಿ ಮುಟ್ಟಿದರೆ ಪಟ್ಟನೆ ಸಿಡಿದು ಬೀಜ ಚಿಮ್ಮುತ್ತದೆ. ಮೊಮ್ಮಕ್ಕಳಿಗೆ ಅದೇ ಹಬ್ಬ. ಸಂಜೆಮಲ್ಲಿಗೆಯ ಗಡ್ಡೆ ನೆಲದಲ್ಲಿ ಉಳಿದರೂ, ಬಿತ್ತಿದ ವರ್ಷವೇ ಹೂವು ಕೊಡುತ್ತದೆ. ಸಂಜೆಗೆ ಅರಳಿ ಬೆಳಗಿನವರೆಗೆ ಇರುತ್ತದೆ. ಕಣ್ಣು ಮಂಜಾದವರಿಗೆ ಬಿಳುಪಿನ ಜೊತೆಗೆ ಅದರ ಕಂಪೂ ದಾರಿ ತೋರಿಸುತ್ತದೆ. ಮೆಣಸಿನ ಕಾಳಿನಂಥ ಅದರ ಕರಿ ಬೀಜವೂ ವಿಷವೇ, ಸಣ್ಣ ಮಕ್ಕಳ ಕೈಗೆ ಕೊಡಬೇಡಿ.

ಶೀಗಿ ಹುಣ್ಣಿಮೆಯ ಹೊತ್ತಿಗೆ ಚಳಿಗಾಲದ ಬೀಜ. ಬಿಳಿ ಪಿಟೂನಿಯಾ ಬೀಜ ದೂಳಿನಷ್ಟು ಸಣ್ಣದು. ಅದಕ್ಕೆ ಬೆಳಕು ಬೇಕು, ಮಣ್ಣು ಮುಚ್ಚಬಾರದು. ಅದು ದುಬಾರಿ ಎನಿಸಿದರೆ ಅಡುಗೆಮನೆಯ ಡಬ್ಬಿ ತೆಗೆಯಿರಿ. ಕೊತ್ತಂಬರಿ ಬಿತ್ತಿ ನಾಲ್ಕು ಗಿಡ ಕೀಳದೆ ಬಿಟ್ಟರೆ ಸಣ್ಣ ಕೊಡೆಯಂಥ ಬಿಳಿ ಹೂಗೊಂಚಲು ಬರುತ್ತವೆ. ಮೊಳಕೆ ಬಂದ ಉಳ್ಳಾಗಡ್ಡಿಯನ್ನು ಕುಂಡದಲ್ಲಿ ಊರಿದರೆ ಉದ್ದ ದಂಟಿನ ತುದಿಗೆ ಬಿಳಿ ಚೆಂಡು ನಿಲ್ಲುತ್ತದೆ. ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರದ ಕಡೆ ಹೋಗುವಾಗ ಬೀಜಕ್ಕೆ ಬಿಟ್ಟ ಉಳ್ಳಾಗಡ್ಡಿ ಹೊಲ ಕಂಡರೆ ನಿಂತು ನೋಡಿ. ಜೇನುಹುಳುಗಳ ಸದ್ದು ಬದುವಿಗೇ ಕೇಳುತ್ತದೆ.

ಯಾವ ಅಂಗಡಿಯಲ್ಲೂ ಸಿಗದ ಒಂದು ಬಿಳಿ ಹೂವಿದೆ, ತುಂಬೆ. ಅಪ್ಪಟ ವಾರ್ಷಿಕ ಸಸ್ಯ, ನಮ್ಮ ನೆಲದ್ದೇ. ಅಥಣಿ ರಸ್ತೆಯ ತಿಕೋಟಾ ಸುತ್ತ ದ್ರಾಕ್ಷಿ ತೋಟಗಳ ಬದುವಿನಲ್ಲಿ ಮಳೆ ಮುಗಿಯುವಾಗ ಅದು ಅರಳುತ್ತದೆ. ರೈತರಿಗೆ ಅದು ಕಸ, ಶಿವನ ಪೂಜೆ ಮಾಡುವವರಿಗೆ ಅಚ್ಚುಮೆಚ್ಚು, ಚಿಟ್ಟೆಗಳಿಗೆ ಊಟ. ಒಣಗಿದ ಗುಂಡು ತೆನೆಗಳನ್ನು ತಂದು ಕುಂಡದ ಮಣ್ಣಿನ ಮೇಲೆ ಕೊಡವಿದ್ದೆ. ಮರುವರ್ಷ ಮಳೆಗೆ ತಾನಾಗಿ ಎದ್ದಿತು. ಖರ್ಚಿನ ಕಾಲಮಿನಲ್ಲಿ ಸೊನ್ನೆ!

ಬೀಜ ಉಳಿಸುವಾಗ ಒಂದು ಎಚ್ಚರ. ಪಕ್ಕದಲ್ಲೇ ಬಣ್ಣದ ಗಿಡವಿದ್ದರೆ ದುಂಬಿಗಳು ಅದರ ಪರಾಗ ತರುತ್ತವೆ. ಆಗ ಬಿಳಿ ಹೂವಿನ ಬೀಜದಿಂದಲೂ ಬಣ್ಣದ ಹೂವು ಬರಬಹುದು. ಆದ್ದರಿಂದ ಬಿಳಿ ಗಿಡಗಳನ್ನು ದೂರವಿಡಿ. ಪ್ರತಿ ವರ್ಷ ಅತಿ ಬಿಳುಪಾದ ಹೂವಿನ ಬೀಜವನ್ನೇ ತೆಗೆದಿಡಿ. ಇಷ್ಟು ತಾಳ್ಮೆಯಿಂದ ಏನಾಗುತ್ತದೆ ಎನ್ನುವಿರಾ? ಅಮೆರಿಕದಲ್ಲಿ ಬರ್ಪಿ ಎಂಬ ಬೀಜದ ಕಂಪನಿ 1954ರಲ್ಲಿ, ಅಚ್ಚ ಬಿಳಿ ಚೆಂಡು ಹೂವಿನ ಬೀಜ ತಂದವರಿಗೆ 10,000 ಡಾಲರ್ ಕೊಡುವುದಾಗಿ ಸಾರಿತು. ಸಾವಿರಾರು ಜನ ಪ್ರಯತ್ನಿಸಿದರು. ಕೊನೆಗೆ 1975ರಲ್ಲಿ ಬಹುಮಾನ ಗೆದ್ದವರು ಅಯೋವಾ ರಾಜ್ಯದ ಸಲ್ಲಿ ಎಂಬ ಸಣ್ಣ ಊರಿನ ಆಲಿಸ್ ವೋಂಕ್. ಅವರು ವಿಜ್ಞಾನಿಯಲ್ಲ, ಮನೆಯ ಹಿತ್ತಲಲ್ಲಿ ಹೂ ಬೆಳೆಸುತ್ತಿದ್ದ ಹಿರಿಯ ಮಹಿಳೆ. ವರ್ಷವರ್ಷವೂ ಅತಿ ತಿಳಿಬಣ್ಣದ ಹೂವಿನ ಬೀಜ ಆರಿಸುತ್ತ ಹೋದದ್ದೇ ಅವರ ವಿದ್ಯೆ.

ಬ್ಯಾಂಕಿನ ಲೆಡ್ಜರ್ ಬರೆದ ಕೈ ಇದು, ಸುಮ್ಮನಿರದು. ಹಳೆಯ ಲಕೋಟೆಗಳಲ್ಲಿ ಬೀಜ ಹಾಕಿ, ಮೇಲೆ ಗಿಡದ ಹೆಸರು, ಬಿತ್ತಿದ ತಾರೀಖು, ಮೊದಲ ಹೂ ಕಂಡ ತಾರೀಖು ಬರೆದಿಡುತ್ತೇನೆ. ನೀವೂ ಹಾಗೆ ಮಾಡಿ ಮಕ್ಕಳೇ. ಇನ್ನೊಂದು ಕಾಲಮು ಸೇರಿಸಿ: ದೀಪ ಹಚ್ಚುವ ಹೊತ್ತಿಗೆ ಮನೆಯ ಅಜ್ಜ, ಅಜ್ಜಿಯನ್ನು ಹೊರಗೆ ಕರೆತಂದು, ಯಾವ ಹೂ ಎಷ್ಟು ದೂರದಿಂದ ಕಾಣುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಮುಂದಿನ ಮಿರಗಕ್ಕೆ ಯಾವ ಬೀಜ ತರಬೇಕೆಂದು ಆ ಕಾಲಮು ನೋಡಿ ನಿರ್ಧರಿಸಿ.