ಭಿಕ್ಷೆ ಮತ್ತು ತಿರುಪೆ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬೇಡುವುದಕ್ಕೆ ಎರಡು ಹೆಸರುಗಳಿವೆ. ಶಂಖ ಜಾಗಟೆಗಳೊಡನೆ ದಾಸಯ್ಯನು ಬಾಗಿಲಿಗೆ ಬಂದರೆ ಅದು ಭಿಕ್ಷೆ. ಬಸ್ ನಿಲ್ದಾಣದಲ್ಲಿ ಮುದುಕಿಯೊಬ್ಬಳು ಕೈ ಚಾಚಿದರೆ ಅದು ತಿರುಪೆ. ದಾಸಯ್ಯನಿಗೆ ಮೊರದಲ್ಲಿ ರಾಗಿ ತಂದು ನೀಡಿ ಕೈಮುಗಿಯುತ್ತೇವೆ. ಮುದುಕಿಗೆ "ದುಡಿದು ತಿನ್ನಬಾರದೆ?" ಎಂಬ ಉಪದೇಶವನ್ನು ನೀಡುತ್ತೇವೆ.

ಬೇಡುವುದನ್ನೇ ಹೀನವೆಂದು ಬಗೆದ ಸಮಾಜ ನಮ್ಮದಲ್ಲ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಮಠದ ಮಕ್ಕಳ ಅನ್ನಕ್ಕಾಗಿ ಹಳ್ಳಿಹಳ್ಳಿಗಳಲ್ಲಿ ಭಿಕ್ಷೆ ಎತ್ತಿದರು. ವಾರಾನ್ನದಲ್ಲಿ ಓದಿ ದೊಡ್ಡವರಾದವರು ಹಿಂದಿನ ತಲೆಮಾರಿನಲ್ಲಿ ಎಷ್ಟೋ ಮಂದಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆಯೂ ಧರ್ಮ, ಸಂಪ್ರದಾಯಗಳ ಪ್ರಕಾರ ಬೇಡುವವರಿಗೆ ವಿನಾಯಿತಿ ಕೊಟ್ಟಿದೆ. ಸಿಕ್ಕಿಬೀಳುವವರು ಹಾಡು ಬಾರದವರು, ಜೋಳಿಗೆ ಇಲ್ಲದವರು.

ಅದೇ ಕಾಯಿದೆಯಂತೆ ನಮ್ಮ ಮನೆ ಕಂದಾಯದ ಜೊತೆಗೆ ಶೇಕಡಾ 3ರಷ್ಟು ಭಿಕ್ಷುಕರ ಕರವನ್ನೂ ಕಟ್ಟುತ್ತೇವೆ. ಕಟ್ಟಿದ ಮೇಲೆ ನಮ್ಮ ಹೊಣೆ ತೀರಿತೆಂದು ಭಾವಿಸುತ್ತೇವೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳೊಳಗೆ 20ಕ್ಕೂ ಹೆಚ್ಚು ಮಂದಿ ಸತ್ತರು. ಆಗ ನಾಡು ಬೆಚ್ಚಿತು, ಬೇಗನೆ ಮರೆಯಿತು. ಬಡತನವಿಲ್ಲದಿದ್ದರೆ ಯಾರೂ ಬೇಡಲು ಬಯಸುವುದಿಲ್ಲವೆಂಬ ಅರ್ಥದ ಮಾತನ್ನು 2021ರಲ್ಲಿ ಸುಪ್ರೀಂ ಕೋರ್ಟೇ ಆಡಬೇಕಾಯಿತು.

ದುಡಿಮೆಯ ಉಪದೇಶವಂತೂ ತೆಂಗಿನ ಸೀಮೆಯಲ್ಲಿ ಸಲೀಸಾಗಿ ಹೇಳುವಂಥದ್ದಲ್ಲ. ಮರ ಹತ್ತಿ ಕಾಯಿ ಕೀಳುವವರು, ಅಟ್ಟಕ್ಕೆ ಏರಿಸುವವರು, ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾದಾಗ ಸುಲಿದು ಕರಟ ಬಿಡಿಸುವವರು, ಇವರಿಗೆಲ್ಲ ಮೈಯಲ್ಲಿ ಕಸುವಿರುವಷ್ಟು ದಿನ ಮಾತ್ರ ಕೂಲಿ. ನನಗೆ ಬರುವಂತೆ ತಿಂಗಳು ತಿಂಗಳು ನಿವೃತ್ತಿ ವೇತನ ಬರುವುದಿಲ್ಲ. ನಮ್ಮ ತೋಟದಲ್ಲಿಯೂ ಕಾಯಿ ಕಿತ್ತಿದ್ದ ಒಬ್ಬರು, ಮರದಿಂದ ಬಿದ್ದು ಸೊಂಟ ಮುರಿದ ಮೇಲೆ, ಕೆಲಕಾಲ ದೇವಸ್ಥಾನದ ಮೆಟ್ಟಿಲ ಬಳಿ ಕೂರುತ್ತಿದ್ದರು. ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಹಣ್ಣುಕಾಯಿ ಮಾಡಿಸಿಕೊಂಡು ಬಂದವರು, "ಕೈ ಗಟ್ಟಿಯಾಗಿದೆಯಲ್ಲ, ದುಡಿಯಬಾರದೆ?" ಎಂದು ಹೇಳಿ ಹೋಗುತ್ತಿದ್ದರು. ಅವರ ತಟ್ಟೆಯಲ್ಲಿದ್ದ ಕಾಯಿಯನ್ನೂ ಯಾರೋ ಮರ ಹತ್ತಿಯೇ ಕಿತ್ತಿರಬೇಕು.

ಬೇಡುವವರೆಲ್ಲರೂ ಸಾಚಾ ಎಂದು ನಾನು ವಾದಿಸಲಾರೆ. ಹಸುಗೂಸುಗಳನ್ನು ಮುಂದಿಟ್ಟುಕೊಂಡು ದಂಧೆ ನಡೆಸುವವರೂ ಇದ್ದಾರೆ. ಅವರನ್ನು ಕಾನೂನು ನೋಡಿಕೊಳ್ಳಲಿ. ಕೊಡುವುದು, ಬಿಡುವುದು ನಿಮ್ಮ ನಿಮ್ಮ ಇಷ್ಟ. ಕೊಡಲು ಮನಸ್ಸಿಲ್ಲದ ದಿನ ದಾಸಯ್ಯನಿಗೆ "ಮುಂದೆ ಹೋಗಪ್ಪ" ಎನ್ನುತ್ತೇವಲ್ಲ, ಅದೇ ದನಿಯಲ್ಲಿ ಆ ಮುದುಕಿಗೂ "ಮುಂದೆ ಹೋಗಮ್ಮ" ಎಂದರೆ ಸಾಕು.